ಜಡೆ ಜಗ್ಗಿದರೆ ರಕ್ಷಣೆ ಎಲ್ಲಿ ಬಂತು?

ಪ್ರಶ್ನೆ: ಅಕ್ಕಾ, ನನ್ನದು ಗುಂಗುರು ಕೂದಲು. ತುದಿಯೆಲ್ಲ ಸೀಳಿದೆ, ಉದ್ದ ಬೆಳೆಯುತ್ತಲೇ ಇಲ್ಲ. ‘ಪ್ರೊಟೆಕ್ಟಿವ್ ಹೇರ್‌ಸ್ಟೈಲ್’ ಅಂತ, ಕೂದಲು ಮುರಿಯದ ಹಾಗೆ ಕಾಪಾಡಲು ತಲೆ ತುಂಬ ಸಣ್ಣ ಸಣ್ಣ ಜಡೆ ಹಾಕುವ ವಿಡಿಯೋ ನೋಡಿದೆ. ಹಾಸ್ಟೆಲ್ ಗೆಳತಿ, ಪೋನಿಟೇಲ್ ಕಟ್ಟಿದರೂ ಅದೇ ಅಂತಾಳೆ. ಅಮ್ಮ, ಎಣ್ಣೆ ಹಚ್ಚಿ ಜಡೆ ಹಾಕ್ಕೋ ಸಾಕು ಅಂತಾರೆ. ಯಾರ ಮಾತು ಕೇಳಲಿ?
– ಓದುಗಿ, ಚಿತ್ರದುರ್ಗ

ಉತ್ತರ: ಅಮ್ಮನಿಗೆ ಮುಕ್ಕಾಲು ಮಾರ್ಕ್ಸ್, ಗೆಳತಿಗೆ ಸೊನ್ನೆ.

ನೀನು ನೋಡಿದ್ದು ಬಾಕ್ಸ್ ಬ್ರೇಡ್ಸ್ ಇರಬೇಕು. ಅದು ಆಫ್ರಿಕಾ ಮೂಲದವರ ಕೂದಲಿಗೆ ಹುಟ್ಟಿದ ಜಡೆ. ಅವರ ಕೂದಲು ಸ್ಪ್ರಿಂಗ್ ತರಹ ಸುತ್ತಿಕೊಂಡಿರುತ್ತದೆ. ನೆತ್ತಿಯ ಜಿಡ್ಡು ಆ ಸುತ್ತುಗಳನ್ನು ದಾಟಿ ತುದಿ ಮುಟ್ಟುವುದೇ ಇಲ್ಲ. ತುದಿ ಒಣಗುತ್ತದೆ, ಬಾಚಿದಾಗೆಲ್ಲ ಮುರಿಯುತ್ತದೆ. ಅದಕ್ಕೇ ಸಣ್ಣ ಭಾಗ ಮಾಡಿ, ಹೆಣೆದು, ವಾರಗಟ್ಟಲೆ ಮುಟ್ಟದೆ ಬಿಡುತ್ತಾರೆ. ಅಮೆರಿಕದಲ್ಲಿ ಈ ಜಡೆ ಹಾಕಿದ್ದಕ್ಕೇ ಶಾಲೆ, ಆಫೀಸುಗಳಲ್ಲಿ ತಕರಾರು ತೆಗೆಯುತ್ತಿದ್ದರು. ಅದನ್ನು ತಡೆಯಲು 2019ರಲ್ಲಿ ಕ್ಯಾಲಿಫೋರ್ನಿಯಾ ಕಾನೂನನ್ನೇ ಮಾಡಿತು. ನಮ್ಮ ಹೈಸ್ಕೂಲುಗಳಲ್ಲಿ ಜಡೆ ಹಾಕದೆ ಬಂದರೆ ಬೈತಿದ್ದರು, ನೋಡು!

ಯಾವ ಸ್ಟೈಲ್ ಅನ್ನುವುದಕ್ಕಿಂತ ನಾನು ಮೂರು ವಿಷಯ ನೋಡುತ್ತೇನೆ. ತುದಿ ಒಳಗೆ ಸೇರಿದೆಯಾ? ನಾಲ್ಕು ದಿನ ಬಾಚಣಿಗೆ ಇಲ್ಲದೆ ನಡೆಯುತ್ತದಾ? ಬುಡ ಜಗ್ಗುತ್ತಿದೆಯಾ? ಹೈಸ್ಕೂಲಿನಲ್ಲಿ ಎರಡು ಜಡೆ ಹಾಕಿ, ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟುತ್ತಿದ್ದೆವಲ್ವಾ? ಅದರಲ್ಲಿ ತುದಿ ಪೂರ್ತಿ ಒಳಗೆ. ಸಡಿಲ ಹಾಕಿದರೆ ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಬೈತಲೆ ಹರಿಯುವ ಹಾಗೆ ಎಳೆದು ಹಾಕಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಪೋನಿಟೇಲಿನಲ್ಲಿ ತುದಿ ಇಡೀ ದಿನ ಬೆನ್ನಿಗೆ ಉಜ್ಜುತ್ತದೆ, ರಬ್ಬರ್ ಬ್ಯಾಂಡ್ ಕೂತ ಜಾಗದಲ್ಲೇ ಕೂದಲು ತುಂಡಾಗುತ್ತದೆ. ಅದಕ್ಕೇ ಸೊನ್ನೆ.

ಬುಡದ ಮಾತು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಅದು ನನ್ನ ತಲೆಯದೇ ಕತೆ. ದಾವಣಗೆರೆಯಲ್ಲಿ ಪಾರ್ಲರ್ ಶುರು ಮಾಡಿದಾಗ ನೀಟಾಗಿ ಕಾಣಬೇಕು ಅಂತ ದಿನಾ ಬೆಳಗ್ಗೆ ನೀರು ಹಚ್ಚಿ, ಒಂದು ಕೂದಲೂ ಏಳದ ಹಾಗೆ ಎಳೆದು ತುರುಬು ಕಟ್ಟುತ್ತಿದ್ದೆ. ಹತ್ತು ವರ್ಷ ಹೀಗೇ ಹೋಯಿತು. ಕಿವಿಯ ಮುಂದೆ ಎರಡೂ ಕಡೆ ಹೆಬ್ಬೆರಳಗಲ ಬೋಳಾಯಿತು. ಚರ್ಮದ ಡಾಕ್ಟರು ‘ಟ್ರಾಕ್ಷನ್ ಅಲೋಪೀಶಿಯಾ’ ಅಂದರು. ಎಳೆದೂ ಎಳೆದೂ ಉದುರುವ ಕಾಯಿಲೆ. ಬೇಗ ಬಿಟ್ಟರೆ ಕೂದಲು ಮತ್ತೆ ಬರುತ್ತದೆ, ತಡವಾದರೆ ಬುಡವೇ ಸತ್ತುಹೋಗುತ್ತದೆ. ನನಗೆ ಎಡಗಡೆ ಬಂತು, ಬಲಗಡೆ ಬರಲಿಲ್ಲ. ಈಗಲೂ ಕಪ್ಪು ಪೆನ್ಸಿಲ್ ತೀಡಿ ಮುಚ್ಚುತ್ತೇನೆ. ಪಾರ್ಲರಿನವಳು ಹೇಳಿಕೊಳ್ಳುವ ಮಾತಲ್ಲ ಇದು.

ಜಡೆ ಹಾಕಿದ ಮೇಲೆ ಕನ್ನಡಿ ಮುಂದೆ ಹುಬ್ಬು ಎತ್ತು. ಹಣೆ ಜಗ್ಗಿದರೆ, ನೋವಾದರೆ, ಬುಡದಲ್ಲಿ ಸಣ್ಣ ಗುಳ್ಳೆ ಎದ್ದರೆ ಆಗಲೇ ಬಿಚ್ಚು. ‘ಎರಡು ದಿನದಲ್ಲಿ ಸಡಿಲ ಆಗುತ್ತೆ’ ಅಂತ ಪಾರ್ಲರಿನಲ್ಲಿ ಹೇಳುತ್ತಾರೆ. ನಾನೂ ಹೇಳಿದ್ದೇನೆ. ನಂಬಬೇಡ.

ಕೂದಲು ಬೆಳೆಯುತ್ತಿಲ್ಲ ಅಂದೆ. ಬೆಳೆಯುತ್ತಿರುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಬೆಳೆದಷ್ಟೂ ತುದಿಯಲ್ಲಿ ಮುರಿಯುತ್ತಿದೆ, ಅಷ್ಟೇ. ಮೊದಲು ಸೀಳಿದ ತುದಿ ಕತ್ತರಿಸು. ಕೊಬ್ಬರಿ ಎಣ್ಣೆ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸು. ಬುಡದಲ್ಲಿ ಒಂದಿಂಚು ಸಡಿಲ ಬಿಟ್ಟು ಎರಡು ಜಡೆ ಹೆಣೆ, ತುದಿ ಮಡಚು, ಬಟ್ಟೆಯ ಪಟ್ಟಿಯಲ್ಲಿ ಕಟ್ಟು. ಒದ್ದೆ ತಲೆಗೆ ಮಾತ್ರ ಬೇಡ, ಒದ್ದೆ ಕೂದಲು ಬೇಗ ತುಂಡಾಗುತ್ತದೆ. ನಾಲ್ಕೈದು ದಿನಕ್ಕೆ ಬಿಚ್ಚಿ ತೊಳಿ. ಹಾಸ್ಟೆಲಿನದು ಬೋರ್ ನೀರಾದರೆ ಕೊನೆಯ ಚೊಂಬಾದರೂ ಸಿಹಿನೀರು ಹಾಕ್ಕೋ. ರಾತ್ರಿ ದಿಂಬಿಗೆ ಅಮ್ಮನ ಹಳೆ ರೇಷ್ಮೆ ಸೀರೆ ತುಂಡು ಸುತ್ತು. ಹತ್ತಿ ಮಿಲ್ಲಿನ ಊರಿನವಳಾಗಿ ಹೇಳಬಾರದು, ಆದರೆ ಹತ್ತಿ ಬಟ್ಟೆ ಕೂದಲನ್ನು ಜಾಸ್ತಿ ಉಜ್ಜುತ್ತದೆ.

ಆ ಸಣ್ಣ ಜಡೆಗಳ ಆಸೆ ಹೋಗದಿದ್ದರೆ ಹಾಕಿಸಿಕೋ. ಆದರೆ ತೆಳ್ಳಗೆ ಬೇಡ, ದಪ್ಪ ದಪ್ಪ ಇರಲಿ. ಮೇಲೆ ಸೇರಿಸುವ ನಕಲಿ ಕೂದಲು ಬೇಡವೇ ಬೇಡ, ಭಾರ ಪೂರ್ತಿ ಬುಡಕ್ಕೇ ಬೀಳುತ್ತದೆ.

ಪ್ರಶ್ನೆ: ಮಗಳ ಮದುವೆಗೆ ಚೌರಿ ಸೇರಿಸಿ ಮೊಗ್ಗಿನ ಜಡೆ. ಆರತಕ್ಷತೆಯಿಂದ ಮಾರನೇ ದಿನದ ಮುಹೂರ್ತದವರೆಗೂ ಹಾಗೇ ಇರಲಿ ಅಂತಿದ್ದಾರೆ. ಪರವಾಗಿಲ್ವಾ?
– ಓದುಗರು, ಹರಿಹರ

ಉತ್ತರ: ಬೇಡ ಅಮ್ಮ. ರಾತ್ರಿಯೇ ಬಿಚ್ಚಿಸಿ, ಬೆಳಗ್ಗೆ ಹೊಸದಾಗಿ ಹಾಕಿಸಿ. ಮೇಕಪ್‌ನವರು ಎಕ್ಸ್‌ಟ್ರಾ ದುಡ್ಡು ಕೇಳುತ್ತಾರೆ, ಕೊಡಿ.