ಚಿಪೋಟ್ಲೆಗೆ ಹೋಗ್ಬೇಕೋ, ಕ್ಡೋಬಾಕ್ಕೋ?

ಪ್ರಶ್ನೆ: ಮಗಳು ಅಮೆರಿಕದ ಡೆನ್ವರ್‌ನ್ಯಾಗ ಎಂ.ಎಸ್. ಓದಾಕತ್ತಾಳ್ರಿ. ನಾವು ಪಕ್ಕಾ ಶಾಕಾಹಾರಿ. ಅಲ್ಲಿ ಮೆಕ್ಸಿಕನ್ ಹೋಟೆಲ್ ಭಾಳ ಅವ ಅಂತಾಳ, ಯಾವ್ದರಾಗ ಉಂಡ್ರ ಛಲೋ?
– ಒಬ್ಬ ತಾಯಿ, ಬ್ರಹ್ಮಪುರ, ಕಲಬುರಗಿ

ಉತ್ತರ: ಅಕ್ಕಾರ, ಡೆನ್ವರ್ ಅಂದ್ರ ಚಿಪೋಟ್ಲೆ, ಕ್ಡೋಬಾ ಅನ್ನೋ ಎರಡು ಮೆಕ್ಸಿಕನ್ ಹೋಟೆಲ್ ಸರಣಿಗಳ ತವರಮನಿನೇ ಅದರಿ, ಚಿಪೋಟ್ಲೆ 1993ರಾಗ ಅಲ್ಲೇ ಸುರು ಆಗ್ಯದ, ಕ್ಡೋಬಾ 1995ರಾಗ ಅಲ್ಲೇ. ಎರಡೂ ಕಡಿ ಪದ್ಧತಿ ಒಂದೇ, ಲೈನ್‌ನ್ಯಾಗ ನಿಂತು ಅನ್ನ, ಕಾಳು, ಸಾಲ್ಸಾ (ಟೊಮ್ಯಾಟೊ ಚಟ್ನಿ ಥರದ್ದು) ಏನೇನು ಬೇಕು ಅಂತ ತೋರ್ಸಿದ್ರ ಕಣ್ಣೆದುರಿಗೇ ಹಾಕಿ ಕೊಡ್ತಾರ.

ನನ್ನ ಕೇಳಿದ್ರ ನಿಮ್ಮ ಮಗಳಿಗಿ ಚಿಪೋಟ್ಲೆನೇ ಛಲೋ, ಯಾಕಂದ್ರ ಅಲ್ಲಿ ಬ್ಲ್ಯಾಕ್ ಬೀನ್ಸ್, ಪಿಂಟೋ ಬೀನ್ಸ್ ಎರಡೂ ಕಾಳಿನಾಗ ಮಾಂಸದ್ದೇನೂ ಇರಂಗಿಲ್ಲ, ಮ್ಯಾಲ ಸೋಫ್ರಿಟಾಸ್ ಅಂತ ಮಸಾಲಿ ಹಾಕಿದ ತೋಫುನೂ (ಸೋಯಾ ಪನೀರ್) ಸಿಗ್ತದ. ತೋಫು ಬ್ಯಾಡ, ಬರೀ ಕಾಳು ತರಕಾರಿದ್ದು ವೆಜ್ ಬೌಲ್ ಸಾಕು ಅಂದ್ರ ಗ್ವಾಕಮೋಲೆಗೆ, ಅಂದ್ರ ಬೆಣ್ಣೆಹಣ್ಣು ಹಿಸುಕಿ ಮಾಡಿದ ಚಟ್ನಿಗೆ, ಬ್ಯಾರೆ ರೊಕ್ಕ ಕೊಡೋದಿಲ್ಲ. ಕ್ಡೋಬಾದಾಗ ಯಾವ ಬೌಲ್, ಬುರಿಟೋ (ರೊಟ್ಟಿಯೊಳಗ ಸುತ್ತಿದ್ದು) ತಗೊಂಡ್ರೂ ಗ್ವಾಕಮೋಲೆ, ಕ್ವೇಸೋ (ಕರಗಿಸಿದ ಚೀಜ್) ಎರಡೂ ಎಕ್ಸ್ಟ್ರಾ ರೊಕ್ಕ ಇಲ್ದೇ ಹಾಕ್ತಾರ, ಹಿಂಗಾಗಿ ಚೀಜ್ ಭಾಳ ಸೇರ್ತದ ಅಂದ್ರ ಅಲ್ಲಿಗೇ ಹೋಗ್ಲಿ. ಟಾಕೋ ಬೆಲ್ ಅಂತ ಇನ್ನೊಂದು ಮೆಕ್ಸಿಕನ್ ಥರದ ಹೋಟೆಲ್ ಸರಣಿ ಅದ, ಅದು ಇವೆರಡರ ಸಾಲಿಗಿ ಬರಂಗಿಲ್ಲ, ಅದು ಫಾಸ್ಟ್ ಫುಡ್, ಅಗ್ಗ. 2010ರಾಗೇ ಬೆಂಗಳೂರಿಗಿ ಬಂದದ.

ಒಂದು ಮಾತು ಮಾತ್ರ ಮಗಳಿಗಿ ಖಂಡಿತ ಹೇಳ್ರಿ: ಚಿಕನ್ ಮುಟ್ಟಿದ ಕೈಲೇ ಮುಂದಿನ ಬೌಲ್ ಕಟ್ತಿರ್ತಾರ, ಅದಕ್ಕ ಸುರುವಿಗೇ "ಗ್ಲೌಸ್ ಬದಲಿ ಮಾಡ್ರಿ" ಅಂತ ಕೇಳ್ಲಿ. ಕೇಳಾಕ ನಾಚಿಕಿ ಏನಿಲ್ಲ.