ದೋಣಿಯಲ್ಲಿ ಬಂದವರ ಬಗ್ಗೆ ಪ್ರಶ್ನೆ ಕೇಳಿದರೆ ತಪ್ಪಾ?

ಪ್ರಶ್ನೆ: ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಐಟಿ ಕೆಲಸದಲ್ಲಿದ್ದೇನೆ. ವೀಸಾ ಶುಲ್ಕ, ಆರೋಗ್ಯ ಸರ್‌ಚಾರ್ಜ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಕಟ್ಟುವ ಹಣ) ಎಲ್ಲ ಕಟ್ಟಿ ಬಂದವನು. ಫ್ರಾನ್ಸ್ ಕಡೆಯಿಂದ ಸಣ್ಣ ದೋಣಿ ಹತ್ತಿ ಬಂದು ಆಶ್ರಯ ಕೇಳುವವರಿಗೆ ಸರ್ಕಾರ ಹೋಟೆಲ್ ಕೊಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಲ್ಲಿನ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇದನ್ನೇ ಬರೆದೆ. ಒಬ್ಬರು ‘ಇದು ಮುಸ್ಲಿಂ ದ್ವೇಷ’ ಎಂದರು. ಇನ್ನೊಬ್ಬರು ‘ಬರೋರೆಲ್ಲ ಅವರೇ ಅಲ್ವಾ, ದೇಶ ಹಾಳಾಗ್ತಿರೋದೇ ಅವರಿಂದ’ ಎಂದರು. ಎರಡೂ ನನಗೆ ಹಿಡಿಸಲಿಲ್ಲ. ಗೆರೆ ಎಲ್ಲಿದೆ?

ಉತ್ತರ: ನೀವು ಬರೆದಿದ್ದು ದ್ವೇಷವಲ್ಲ. ನಿಮ್ಮಂತೆ ಕೆಲಸದ ವೀಸಾದಲ್ಲಿ ಬಂದ ದೊಡ್ಡವರು ಸಾಮಾನ್ಯವಾಗಿ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್‌ಚಾರ್ಜ್ ಕಟ್ಟುತ್ತಾರೆ, ಮೇಲೆ ತೆರಿಗೆ ಬೇರೆ. ‘ನಮ್ಮ ದುಡ್ಡು ಎಲ್ಲಿಗೆ ಹೋಗ್ತಿದೆ’ ಎಂದು ಕೇಳಲು ನಿಮಗೆ ಪೂರ್ತಿ ಹಕ್ಕಿದೆ. ನಿಮ್ಮ ಬಾಯಿ ಮುಚ್ಚಿಸಿದ ಆ ಮೊದಲನೆಯವರು ಅವಸರಪಟ್ಟರು. ಎರಡನೆಯವರ ಮಾತಿನಲ್ಲೇ ನೋಡಿ, ವಿಷಯ ಸದ್ದಿಲ್ಲದೆ ಬದಲಾಗಿಬಿಟ್ಟಿದೆ. ನೀವು ಮಾತಾಡಿದ್ದು ಸರ್ಕಾರದ ಖರ್ಚಿನ ಬಗ್ಗೆ. ಅವರು ಮಾತಾಡಿದ್ದು ಒಂದು ಧರ್ಮದ ಜನರ ಬಗ್ಗೆ. ಆ ಧರ್ಮದವರು ಅಂದರೆ ದೋಣಿ ಹತ್ತಿದವನೂ ಸೇರಿದ, ಬ್ರಾಡ್‌ಫರ್ಡ್‌ನಲ್ಲೇ ಹುಟ್ಟಿ ಬೆಳೆದ ಡಾಕ್ಟರೂ ಸೇರಿದ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಮುಸ್ಲಿಮರಲ್ಲಿ ಸುಮಾರು ಅರ್ಧದಷ್ಟು ಜನ ಬ್ರಿಟನ್ನಿನಲ್ಲೇ ಹುಟ್ಟಿದವರು. ಅವರಿಗೂ ದೋಣಿಗೂ ಏನು ಸಂಬಂಧ?

‘ಬರೋರೆಲ್ಲ ಅವರೇ’ ಅನ್ನುವುದೂ ನಿಜವಲ್ಲ. 2024ರಲ್ಲಿ ಸಣ್ಣ ದೋಣಿಗಳಲ್ಲಿ ಬಂದವರು ಸುಮಾರು 37 ಸಾವಿರ. ಹೆಚ್ಚಾಗಿ ಆಫ್ಘಾನಿಸ್ತಾನ, ಸಿರಿಯಾ, ಇರಾನ್, ವಿಯೆಟ್ನಾಂ, ಎರಿಟ್ರಿಯಾದವರು. ವಿಯೆಟ್ನಾಮಿನವರಲ್ಲಿ ಮುಸ್ಲಿಮರು ಎಲ್ಲೋ ಒಬ್ಬರು. ಎರಿಟ್ರಿಯಾದಲ್ಲಿ ಕ್ರೈಸ್ತರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಆಫ್ಘನ್ನರಲ್ಲಿ ಎಷ್ಟೋ ಜನ ಓಡಿ ಬಂದಿರುವುದೇ ತಾಲಿಬಾನಿಗೆ ಹೆದರಿ. ಅದೇ ವರ್ಷ ಕೆಲಸ, ಓದು, ಸಂಸಾರ, ಆಶ್ರಯ ಎಲ್ಲ ಸೇರಿ ಬ್ರಿಟನ್ನಿಗೆ ಬಂದವರು ಒಂಬತ್ತು ಲಕ್ಷಕ್ಕೂ ಜಾಸ್ತಿ. ಆ ದೊಡ್ಡ ಲೆಕ್ಕದಲ್ಲಿ ಹೆಚ್ಚಾಗಿ ಇರುವವರು ನಿಮ್ಮಂತೆ ವೀಸಾ ತೆಗೆದುಕೊಂಡು ಬಂದವರೇ. ವಲಸೆ ಜಾಸ್ತಿಯಾಯಿತು ಎಂದು ಟಿವಿಯಲ್ಲಿ ಕೂಗುವಾಗ ತೋರಿಸುವುದು ದೋಣಿಯನ್ನು, ಲೆಕ್ಕಕ್ಕೆ ಹಿಡಿಯುವುದು ಹೆಚ್ಚಾಗಿ ವಿಮಾನದಲ್ಲಿ ಬಂದವರನ್ನು!

ಗೆರೆ ದಾಟಿದರೆ ಏನಾಗುತ್ತದೆ ಎನ್ನುವುದಕ್ಕೆ ಸೌತ್‌ಪೋರ್ಟ್ ನೋಡಿ. 2024ರ ಜುಲೈ 29ರಂದು ಅಲ್ಲಿ ಮಕ್ಕಳ ಡ್ಯಾನ್ಸ್ ಕ್ಲಾಸಿಗೆ 17 ವರ್ಷದ ಹುಡುಗನೊಬ್ಬ ಚಾಕು ಹಿಡಿದು ನುಗ್ಗಿದ. ಮೂರು ಪುಟ್ಟ ಹೆಣ್ಣುಮಕ್ಕಳು ಸತ್ತರು. ಕೆಲವೇ ಗಂಟೆಗಳಲ್ಲಿ ಆನ್‌ಲೈನ್‌ನಲ್ಲಿ ಒಂದು ಹೆಸರು ಓಡಾಡಿತು. ಕೇಳಿದರೆ ಮುಸ್ಲಿಂ ಅನ್ನಿಸುವ ಹೆಸರು. ಹಿಂದಿನ ವರ್ಷ ದೋಣಿಯಲ್ಲಿ ಬಂದ ನಿರಾಶ್ರಿತನಂತೆ ಎಂದೂ ಸೇರಿಕೊಂಡಿತು. ಎರಡೂ ಸುಳ್ಳು. ಹುಡುಗ ಹುಟ್ಟಿದ್ದು ಕಾರ್ಡಿಫ್‌ನಲ್ಲಿ, ಅಪ್ಪ ಅಮ್ಮ ರುವಾಂಡಾ ಮೂಲದ ಕ್ರೈಸ್ತರು. ಆದರೆ ಮಾರನೇ ದಿನ ಸಂಜೆಗೇ ಜನ ಸೌತ್‌ಪೋರ್ಟ್ ಮಸೀದಿಗೆ ಇಟ್ಟಿಗೆ ಎಸೆಯುತ್ತಿದ್ದರು. ಆಗಸ್ಟ್ 1ರಂದು ನ್ಯಾಯಾಧೀಶರು ನಿಜವಾದ ಹೆಸರು ಪ್ರಕಟಿಸಲು ಒಪ್ಪಿಗೆ ಕೊಟ್ಟರು. ಆಗಲೂ ಗಲಾಟೆ ನಿಲ್ಲಲಿಲ್ಲ. 4ರಂದು ರಾದರಂ ಹತ್ತಿರ ಆಶ್ರಯ ಕೇಳಿದವರಿದ್ದ ಹೋಟೆಲಿಗೆ ನುಗ್ಗಿ, ಒಳಗೆ ಜನ ಇರುವಾಗಲೇ ಬೆಂಕಿ ಹಚ್ಚಲು ನೋಡಿದರು.

ಅದೇ ದಿನ ಮಿಡಲ್ಸ್‌ಬರೋದಲ್ಲಿ ಕೆಲವರು ರಸ್ತೆಯಲ್ಲಿ ಕಾರುಗಳನ್ನು ತಡೆದು, ಓಡಿಸುತ್ತಿದ್ದವರನ್ನು ‘ನೀನು ಬಿಳಿಯನಾ, ಇಂಗ್ಲಿಷಿನವನಾ’ ಎಂದು ಕೇಳಿದರು. ವೀಸಾ ತೋರಿಸು ಅನ್ನಲಿಲ್ಲ, ಪೇ ಸ್ಲಿಪ್ ಕೇಳಲಿಲ್ಲ. ಎರಡು ದಿನ ಬಿಟ್ಟು ಲಂಡನ್‌ನ ಭಾರತೀಯ ಹೈಕಮಿಷನ್ ಭಾರತದಿಂದ ಬರುವವರಿಗೆ ಎಚ್ಚರವಾಗಿರಿ ಎಂದು ಸೂಚನೆ ಕೊಟ್ಟಿತು. ‘ನಾವು ಆ ಥರದವರಲ್ಲ’ ಅಂದುಕೊಳ್ಳುವ ನಮ್ಮವರು ಈ ದೃಶ್ಯವನ್ನು ಇನ್ನೊಮ್ಮೆ ನೋಡಲಿ. ನಮ್ಮ ಮೈಮೇಲೂ ಬರುತ್ತದೆ ಎನ್ನುವುದಕ್ಕಷ್ಟೇ ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಾರಿನಲ್ಲಿ ಕೂತವನು ಮುಸ್ಲಿಮನೇ ಆಗಿದ್ದರೂ ತಡೆಯಲು ಇವರು ಯಾರು?

ಸೌತ್‌ಪೋರ್ಟ್‌ನಲ್ಲಿ ಮಸೀದಿಗೆ ಇಟ್ಟಿಗೆ ಬಿದ್ದ ಮರುದಿನ ಬೆಳಿಗ್ಗೆ ಊರಿನ ಗಾರೆಯವರೇ ಬಂದು ಮಸೀದಿಯ ಗೋಡೆ ಕಟ್ಟಿಕೊಟ್ಟರು. ಅವರಲ್ಲೂ ವಲಸೆ ಕಡಿಮೆಯಾಗಲಿ ಅನ್ನುವವರು ಇದ್ದಿರಬಹುದು. ಇರಲಿ ಬಿಡಿ, ಅದು ಬೇರೆ ಮಾತು.

ಹೋಟೆಲ್ ವಿಷಯಕ್ಕೆ ಬರುತ್ತೇನೆ, ನಿಮ್ಮ ನಿಜವಾದ ಸಿಟ್ಟು ಅಲ್ಲಿದೆ. ಖರ್ಚು ಭಾರೀ ಅನ್ನುವುದು ನಿಜ. ಆದರೆ ಆ ದುಡ್ಡು ಹೋಗುವುದು ಬಹುಪಾಲು ಗುತ್ತಿಗೆ ಕಂಪನಿಗಳಿಗೆ. ಊಟ ಕೊಡುವ ಹೋಟೆಲಿನಲ್ಲಿ ಇರುವವನ ಕೈಗೆ ಸಿಗುವುದು ವಾರಕ್ಕೆ ಸುಮಾರು ಹತ್ತು ಪೌಂಡ್ ಅಷ್ಟೇ. ಅವನು ದುಡಿಯುವಂತಿಲ್ಲ. ಅರ್ಜಿ ಒಂದು ವರ್ಷ ಕೊಳೆತರೆ ಅನುಮತಿ ಕೇಳಬಹುದು, ಅದೂ ಕೆಲವೇ ಬಗೆಯ ಕೆಲಸಕ್ಕೆ. ಹಾಗಾಗಿ ನಿಮ್ಮ ಎಂಪಿಗೆ ಕೇಳಬೇಕಾದ್ದು ಇದು: ಅರ್ಜಿಗಳ ತೀರ್ಮಾನ ಯಾಕೆ ಇಷ್ಟು ತಡ? ದುಡಿಯಲು ತಯಾರಿರುವವನನ್ನು ಕೂರಿಸಿ ಊಟ ಹಾಕುವುದು ಯಾಕೆ?

‘ವೀಸಾ ತಗೊಂಡು ಬರಬಹುದಿತ್ತಲ್ಲ’ ಅನ್ನುವ ಪ್ರಶ್ನೆಯೂ ಗುಂಪಿನಲ್ಲಿ ಬಂದೇ ಬರುತ್ತದೆ. ಆಶ್ರಯ ಕೇಳುವುದಕ್ಕೆಂದು ಒಂದು ವೀಸಾ ಬ್ರಿಟನ್ನಿನಲ್ಲಿ ಇಲ್ಲ. ಅರ್ಜಿ ಹಾಕಬೇಕಾದರೆ ಆ ನೆಲದ ಮೇಲೆ ಕಾಲಿಟ್ಟಿರಲೇಬೇಕು. ಉಕ್ರೇನಿನವರಿಗೆ 2022ರಲ್ಲಿ ಬೇರೆಯೇ ವೀಸಾ ಯೋಜನೆ ಮಾಡಿದರು, ಎರಡು ಲಕ್ಷಕ್ಕೂ ಹೆಚ್ಚು ಜನ ಆ ದಾರಿಯಲ್ಲಿ ಬಂದರು. ಅವರು ದೋಣಿ ಹತ್ತಬೇಕಾಗಿ ಬರಲಿಲ್ಲ.

ಇನ್ನೊಂದು ಮಾತು. 2025ರ ಮೇ ತಿಂಗಳಲ್ಲಿ ಸರ್ಕಾರ ವಲಸೆ ಬಗ್ಗೆ ಶ್ವೇತಪತ್ರ ತಂದಿತು. ಕಾಯಂ ವಾಸದ ಪರವಾನಗಿಗೆ ಕಾಯುವ ಅವಧಿಯನ್ನು ಸಾಮಾನ್ಯವಾಗಿ 5 ವರ್ಷದಿಂದ 10ಕ್ಕೆ ಏರಿಸುವ ಪ್ರಸ್ತಾಪ ಅದರಲ್ಲಿತ್ತು. ಅದು ಮುಟ್ಟುವುದು ನಿಮ್ಮಂಥ ವೀಸಾದವರನ್ನು. ನಿಮ್ಮ ಗುಂಪಿನ ಎರಡನೆಯವರೂ ಅದನ್ನೊಮ್ಮೆ ಓದಲಿ.