ಡವ್‌ಟೇಲ್‌ಗೆ ಯಾವ ಸ್ಕ್ವೇರ್?

ಸಾಗುವಾನಿ ಪೆಟ್ಟಿಗೆಗೆ ಕೈಯಲ್ಲೇ ಡವ್‌ಟೇಲ್ (ಪಾರಿವಾಳದ ಬಾಲದ ಆಕಾರದ ಮೂಲೆ ಜೋಡಣೆ) ಕೊಯ್ಯಲು ಆರಿಂಚಿನ ಕಾಂಬಿನೇಶನ್ ಸ್ಕ್ವೇರ್ ಸಾಕಾ, ದುಬಾರಿ ಎಂಜಿನಿಯರ್ ಸ್ಕ್ವೇರೇ ಬೇಕಾ ಅಂತ ಕೇಳಿದ್ದೀರಿ. ಎರಡೂ ಲಂಬಕೋನ ನೋಡುವ ಮೂಲೆಮಟ್ಟಗಳೇ: ಕಾಂಬಿನೇಶನ್‌ನಲ್ಲಿ ಬ್ಲೇಡ್ ಸರಿಯುತ್ತದೆ, ಸ್ಕ್ರೂ ಅದನ್ನು ಬಿಗಿ ಹಿಡಿಯುತ್ತದೆ; ಎಂಜಿನಿಯರ್‌ನಲ್ಲಿ ಬ್ಲೇಡ್ ಕದಲುವುದಿಲ್ಲ. ನಾನಾದರೆ ಮೊದಲು ನಾಲ್ಕಿಂಚಿನ ಎಂಜಿನಿಯರ್ ಸ್ಕ್ವೇರ್ ತಗೊಳ್ಳುತ್ತೇನೆ. ಸಡಿಲಾಗುವ ಸ್ಕ್ರೂ ಅದರಲ್ಲಿಲ್ಲ. ಹಾಗಂತ ಮೇಲಿನ ಗ್ರೇಡ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಡಿಐಎನ್ 875 ಎಂಬ ಜರ್ಮನ್ ಮಾನದಂಡದ ಗ್ರೇಡ್ 2ರಲ್ಲೂ 100 ಮಿ.ಮೀ. ಉದ್ದಕ್ಕೆ ತಪ್ಪು ಹೆಚ್ಚೆಂದರೆ 0.03 ಮಿ.ಮೀ. ಮಳೆಗಾಲದಲ್ಲಿ ಮರ ಅದಕ್ಕಿಂತ ಜಾಸ್ತಿ ಉಬ್ಬುತ್ತದೆ, ಅಲ್ವಾ?

ಯಾವುದೇ ಇರಲಿ, ತಂದ ದಿನವೇ ಪರೀಕ್ಷಿಸಿ. ಉಜ್ಜುಗೊರಡು ಹಿಡಿದು ಹಲಗೆಯ ಒಂದು ಅಂಚು ನೇರ ಮಾಡಿಕೊಳ್ಳಿ. ಸ್ಕ್ವೇರ್ ಒತ್ತಿಟ್ಟು ಚೂಪು ಚಾಕುವಿನಲ್ಲಿ ಗೆರೆ ಎಳೆಯಿರಿ. ಪೆನ್ಸಿಲ್ ಬೇಡ, ಗೆರೆ ದಪ್ಪ. ಈಗ ಸ್ಕ್ವೇರನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ. ತುದಿಯಲ್ಲಿ ಎರಡೂ ಬೇರೆಯಾದರೆ, ಕಾಣುವ ಅಂತರದ ಅರ್ಧ ನಿಜವಾದ ತಪ್ಪು. ಅಂಚೇ ಡೊಂಕಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಅದು ನೆನಪಿರಲಿ.

ಇನ್ನೊಂದು ಮಾತು. ಉಳಿಯಿಂದ ಕೆತ್ತಿದ ಸಂದಿಯ ಒಳಗೋಡೆ ನೋಡಲು ನಾಲ್ಕಿಂಚಿನದರ ಬ್ಲೇಡ್ ಅಗಲವಾಗಬಹುದು. ಅದಕ್ಕೆ ಎರಡಿಂಚಿನ ಚಿಕ್ಕದೊಂದು ಸಾಕು. ಕಾಂಬಿನೇಶನ್ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ, ಆಳ ಅಳೆಯಲು ಅದೇ ಚೆನ್ನ.